ಡಾರ್ಟ್‌ಮೂರಿನ ಲಾಂಗ್‌ಹೌಸ್: ದನಕ್ಕೂ ಜನಕ್ಕೂ ಒಂದೇ ಬಾಗಿಲಿದ್ದ ಕಲ್ಲಿನ ಮನೆಗಳು

ಡೆವನ್_ಕನ್ನಡಿಗ

ಇಂಗ್ಲೆಂಡಿನ ಹಳೇ ಕಲ್ಲಿನ ಮನೆ ಅಂದರೆ ನಮ್ಮವರು ಹಂಚಿಕೊಳ್ಳುವ ಫೋಟೋಗಳೆಲ್ಲ ಕಾಟ್ಸ್‌ವೋಲ್ಡ್ಸ್ ಕಡೆಯವೇ. ಹಳದಿ ಸುಣ್ಣಕಲ್ಲು, ಬಾಗಿಲ ಮೇಲೆ ಗುಲಾಬಿ ಬಳ್ಳಿ. ಚೆಂದ ಇವೆ, ಇಲ್ಲ ಅನ್ನಲ್ಲ. ಆದರೆ ಒಬ್ಬ ರೈತ ಮಳೆ, ಗಾಳಿ, ದನ, ಬೆಂಕಿ ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು ಮನೆ ಕಟ್ಟಿದರೆ ಹೇಗಿರುತ್ತದೆ ಅಂತ ನೋಡಬೇಕಾದರೆ ಡೆವನ್ ಕೌಂಟಿಯ ಡಾರ್ಟ್‌ಮೂರಿಗೆ ಬರಬೇಕು. ಅಲ್ಲಿನ ಲಾಂಗ್‌ಹೌಸ್‌ಗಳ ಬಗ್ಗೆ ಕನ್ನಡದಲ್ಲಿ ಏನೂ ಸಿಗಲಿಲ್ಲ. ಅದಕ್ಕೇ ಈ ಎಳೆ ಶುರು ಮಾಡುತ್ತಿದ್ದೇನೆ.

ನಕ್ಷೆ ಬಹಳ ಸರಳ. ಒಂದೇ ಉದ್ದನೆಯ ಕಟ್ಟಡ. ಅದನ್ನು ಗುಡ್ಡದ ಇಳಿಜಾರಿನ ಉದ್ದಕ್ಕೇ ಕಟ್ಟಿರುತ್ತಾರೆ, ಒಂದು ತುದಿ ಮೇಲೆ, ಇನ್ನೊಂದು ತುದಿ ಕೆಳಗೆ. ನಡುವೆ ಅಡ್ಡಲಾಗಿ ಒಂದು ಓಣಿ, ಅದರ ಎರಡೂ ಕೊನೆಗೆ ಎದುರುಬದುರು ಬಾಗಿಲು. ಓಣಿಗೆ ಕಾಲಿಟ್ಟು ಮೇಲಿನ ಕಡೆ ತಿರುಗಿದರೆ ಜನ ಇರುವ ದೊಡ್ಡ ಕೋಣೆ, ಕೆಳಗಿನ ಕಡೆ ತಿರುಗಿದರೆ ದನದ ಕೊಟ್ಟಿಗೆ. ಕೊಟ್ಟಿಗೆಗೆ ಇಲ್ಲಿ ಶಿಪ್ಪನ್ ಅಂತಾರೆ. ಮೊದಮೊದಲು ದನ ಬರುತ್ತಿದ್ದದ್ದೂ ಮನೆಯವರು ಬರುತ್ತಿದ್ದದ್ದೂ ಒಂದೇ ಬಾಗಿಲಲ್ಲಿ, ಎರಡರ ನಡುವೆ ಇದ್ದದ್ದು ಒಂದು ಮರದ ಅಡ್ಡೆ ಅಷ್ಟೇ. ಕಲ್ಲಿನ ಗೋಡೆ ಎದ್ದದ್ದು ಎಷ್ಟೋ ಆಮೇಲೆ.

ಕೊಟ್ಟಿಗೆಯ ನಡುಮಧ್ಯೆ ಉದ್ದಕ್ಕೂ ಕಲ್ಲು ಹಾಸಿದ ಒಂದು ಚರಂಡಿ. ದನಗಳು ಎರಡೂ ಕಡೆ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದವು, ಹಿಂಭಾಗ ಚರಂಡಿಯ ಕಡೆ. ಸಗಣಿ, ಗಂಜಲ ಎಲ್ಲಾ ಚರಂಡಿಗೆ ಬಿದ್ದು ಇಳಿಜಾರಿನಲ್ಲಿ ಹರಿದು ಕೆಳಗಿನ ತುದಿಗೋಡೆಯ ಬುಡದಲ್ಲಿರುವ ತೂತಿನಿಂದ ಆಚೆ ಹೋಗುತ್ತಿತ್ತು. ಇಡೀ ಮನೆಯನ್ನು ಇಳಿಜಾರಿನ ಉದ್ದಕ್ಕೆ ಕಟ್ಟಿದ್ದೇ ಇದಕ್ಕೋಸ್ಕರ. ಕೆಲವು ಮನೆಗಳಲ್ಲಿ ದನ ಕಟ್ಟುವ ಗೂಟ ನೆಡಲು ಕಲ್ಲಿನಲ್ಲಿ ಕೊರೆದ ಗುಳಿಗಳು ಇನ್ನೂ ಇವೆ. ಮೇಲೆ ಅಟ್ಟದಲ್ಲಿ ಹುಲ್ಲು. ಗಾಳಿಗೆ ಗೋಡೆಯಲ್ಲಿ ಕೈ ತೂರುವಷ್ಟು ಸಣ್ಣ ಸಂದುಕಿಂಡಿಗಳು.

ಪೌಂಡ್ಸ್‌ಗೇಟ್ ಹಳ್ಳಿಯ ಹತ್ತಿರ ಹೈಯರ್ ಅಪ್ಪಾಕಾಟ್ ಅಂತ ಒಂದು ಮನೆ ಇದೆ. ಮೂಲ 14ನೇ ಶತಮಾನದ್ದು. ಕೊಟ್ಟಿಗೆಯನ್ನು ಯಾರೂ ಮುಟ್ಟದೆ ಕೊಟ್ಟಿಗೆಯಾಗಿಯೇ ಉಳಿದ ಬೆರಳೆಣಿಕೆಯ ಮನೆಗಳಲ್ಲಿ ಅದೂ ಒಂದು. ಡಾರ್ಟ್‌ಮೂರ್ ರಾಷ್ಟ್ರೀಯ ಉದ್ಯಾನದ ಪ್ರಾಧಿಕಾರ 1979ರಲ್ಲಿ ಅದನ್ನು ಕೊಂಡುಕೊಂಡಿತು. ಅದು ಗ್ರೇಡ್ 1 ಪಟ್ಟಿಯಲ್ಲಿದೆ. ಇಂಗ್ಲೆಂಡಿನ ಸಂರಕ್ಷಿತ ಕಟ್ಟಡಗಳಲ್ಲಿ ಆ ದರ್ಜೆ ಸಿಕ್ಕಿರುವುದು ಸುಮಾರು ನೂರಕ್ಕೆ ಎರಡೂವರೆಗೆ ಮಾತ್ರ. ಒಬ್ಬ ಸಾಮಾನ್ಯ ರೈತನ ಮನೆಗೆ, ಅದೂ ದನದ ಕೊಟ್ಟಿಗೆಯ ಕಾರಣಕ್ಕೆ, ದೊಡ್ಡ ದೊಡ್ಡ ಚರ್ಚುಗಳ ಸಾಲಿನಲ್ಲಿ ಜಾಗ ಸಿಕ್ಕಿದೆ.

ಈ ಮನೆಗಳ ಜೀವ ಇರುವುದು ಕೆಳಗಿನ ತುದಿಯಲ್ಲಿ ಅಂತ ನನಗನ್ನಿಸುತ್ತದೆ. ಕೊಟ್ಟಿಗೆ ಹೋದರೆ ಉಳಿಯುವುದು ಬರೀ ದಪ್ಪ ಗೋಡೆಯ ಒಂದು ಬಂಗಲೆ. ಯಾರಿಗೆ ಏನನ್ನಿಸುತ್ತದೆ ಹೇಳಿ.

ಸಿಂಧಗಿ_ಹುಡುಗಿ

ಓದಿ ಖುಷಿಯಾಯ್ತು ಸರ್. ನಮ್ಮ ಕಡೆ ಹಳೇ ಮಣ್ಣಿನ ಮಾಳಿಗೆಯ ಮನೆಗಳಲ್ಲೂ ತಲಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ಎತ್ತು ಕಟ್ಟುತ್ತಿದ್ದರು, ನಾವು ಮೇಲಿನ ಕಟ್ಟೆಯ ಮೇಲೆ ಊಟ ಮಾಡುತ್ತಿದ್ದೆವು. ಹಾಗಾಗಿ ಒಂದೇ ಬಾಗಿಲು ಅನ್ನುವುದು ನನಗೆ ವಿಚಿತ್ರ ಅನಿಸಲಿಲ್ಲ. ಅಲ್ಲಿ ಕಳ್ಳರ ಭಯಕ್ಕೆ ಮಾಡಿದ್ದಾ, ಚಳಿಗೆ ಮಾಡಿದ್ದಾ? ಮತ್ತೆ, ಓಣಿಗೆ ಎರಡು ಬಾಗಿಲು ಯಾಕೆ? ಚಳಿ ದೇಶದಲ್ಲಿ ಎದುರುಬದುರು ಬಾಗಿಲಿಟ್ಟರೆ ಗಾಳಿ ಸುಂಯ್ ಅಂತ ಹೊಡೆಯಲ್ವಾ?

ಡೆವನ್_ಕನ್ನಡಿಗ

ಒಳ್ಳೇ ಪ್ರಶ್ನೆ. ಮೊದಲು ಚಳಿ. ಡಾರ್ಟ್‌ಮೂರ್ ಅಂದರೆ ಎತ್ತರದ ಬೋಳು ಪ್ರದೇಶ, ಹೈ ವಿಲ್‌ಹೇಸ್ ಅನ್ನುವ ತುದಿ 621 ಮೀಟರ್. ನಮ್ಮ ಘಟ್ಟದ ಲೆಕ್ಕದಲ್ಲಿ ಏನೇನೂ ಅಲ್ಲ. ಆದರೆ ಅಟ್ಲಾಂಟಿಕ್ ಸಮುದ್ರದಿಂದ ಬರುವ ಗಾಳಿಗೆ ಮೊದಲು ಸಿಗುವ ಎತ್ತರ ಅದು. ಅಲ್ಲಿನ ಪ್ರಿನ್ಸ್‌ಟೌನ್ ಅನ್ನುವ ಊರಿನಲ್ಲಿ ವರ್ಷಕ್ಕೆ ಸುಮಾರು 2000 ಮಿಲಿಮೀಟರ್ ಮಳೆ. ಜೋರು ಮಳೆಗಿಂತ ಅಡ್ಡ ಮಳೆಯೇ ಜಾಸ್ತಿ. ಬೇಸಿಗೆಯಲ್ಲಿ ದನಗಳು ಮೇಲಿನ ಬಯಲಿನಲ್ಲಿ ಮೇಯುತ್ತಿದ್ದವು. ಚಳಿಗಾಲದಲ್ಲಿ ಒಳಗೆ ಕಟ್ಟಿಹಾಕಲೇಬೇಕು. ಕಟ್ಟಿದ ಮೇಲೆ ರಾತ್ರಿ ಕರು ಹಾಕಿದರೆ, ಯಾವುದಾದರೂ ಹಸು ಹೊಟ್ಟೆ ಉಬ್ಬಿ ನರಳಿದರೆ, ಆಚೆ ಹೋಗದೆ ಒಳಗಿಂದಲೇ ನೋಡಿಕೊಳ್ಳಬೇಕು. ಅದೇ ದೊಡ್ಡ ಅನುಕೂಲ. ದನಗಳ ಮೈಯ ಬಿಸಿ ಮನೆಯನ್ನು ಬೆಚ್ಚಗಿಡುತ್ತಿತ್ತು ಅಂತ ಎಲ್ಲರೂ ಹೇಳುತ್ತಾರೆ. ಸ್ವಲ್ಪ ಇದ್ದಿರಬಹುದು, ಆದರೆ ನಡುವೆ ಓಣಿ ಇತ್ತು, ಸೂರಿನವರೆಗೂ ತೆರೆದ ಕೋಣೆ ಇತ್ತು. ನನ್ನ ಮಟ್ಟಿಗೆ ಅದು ಎರಡನೇ ಕಾರಣ.

ಈಗ ಗಾಳಿ. ಮನೆಗಳನ್ನು ಸಾಮಾನ್ಯವಾಗಿ ಗುಡ್ಡದ ಮರೆಯಲ್ಲಿ, ತಗ್ಗಿನಲ್ಲಿ ಕಟ್ಟುತ್ತಿದ್ದರು. ಎರಡು ಬಾಗಿಲಿದ್ದರೆ ಗಾಳಿ ಬೀಸುವ ಕಡೆಯದನ್ನು ಮುಚ್ಚಿ ಇನ್ನೊಂದನ್ನು ಬಳಸಬಹುದು. ಹೊಗೆ ಹೋಗಲೂ ಅದು ಬೇಕಿತ್ತು. ಯಾಕೆಂದರೆ ಮೊದಲು ಈ ಮನೆಗಳಿಗೆ ಚಿಮಣಿಯೇ ಇರಲಿಲ್ಲ! ದೊಡ್ಡ ಕೋಣೆಯ ನೆಲದ ನಡುವೆ ಒಲೆ, ಹೊಗೆ ನೇರವಾಗಿ ಮೇಲಕ್ಕೆ ಏರಿ ಹುಲ್ಲಿನ ಸೂರಿನಲ್ಲೇ ಸೋಸಿ ಹೋಗಬೇಕು. ಬಾಗಿಲು ತೆರೆಯುವುದು ಮುಚ್ಚುವುದರಲ್ಲೇ ಹೊಗೆಯನ್ನು ಹಿಡಿತದಲ್ಲಿಡಬೇಕಿತ್ತು.

ಎಕ್ಸೆಟರ್_ಅಕ್ಕ

ಹೊಗೆಯ ವಿಷಯ ಬಂದಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ, ನನಗೆ ಈ ಮನೆಗಳಲ್ಲಿ ಬಲು ಇಷ್ಟವಾದ ಸಂಗತಿ ಇದೇ. ಡೆವನ್‌ನಲ್ಲಿ ಹುಲ್ಲಿನ ಮಾಡು ಹೊದಿಸುವವರು ಹಳೇ ಹುಲ್ಲನ್ನು ಪೂರ್ತಿ ಕಿತ್ತು ಹಾಕುವುದಿಲ್ಲ. ಕೊಳೆತ ಮೇಲ್ಪದರ ಕೆರೆದು, ಕೆಳಗಿನ ಗಟ್ಟಿ ಹುಲ್ಲು ಹಾಗೇ ಬಿಟ್ಟು, ಅದರ ಮೇಲೆ ಹೊಸದು ಹೊದಿಸುತ್ತಾರೆ. ಹೀಗೆ ತಲೆಮಾರುಗಟ್ಟಲೆ ನಡೆದಿದೆ. ಅದರಿಂದಾಗಿ ಕೆಲವು ಮನೆಗಳಲ್ಲಿ ತೀರ ಕೆಳಗಿನ ಪದರ ಐನೂರು ಆರುನೂರು ವರ್ಷ ಹಿಂದಿನದು, ಆ ನಡುನೆಲದ ಒಲೆಯ ಮಸಿ ಮೆತ್ತಿಕೊಂಡು ಕಪ್ಪಾಗಿ ಹೊಳೆಯುತ್ತದೆ. ಮಸಿ ಇರುವುದರಿಂದಲೇ ಹುಳ ಹಿಡಿದಿಲ್ಲ. ಅದರಲ್ಲಿ ಗೋಧಿ, ರೈ ತೆನೆಗಳು, ಹೊಲದ ಕಳೆಗಳು ಕೂಡ ಹಾಗೇ ಸಿಕ್ಕಿವೆ. ಮಧ್ಯಯುಗದ ರೈತ ಯಾವ ತಳಿ ಬೆಳೆಯುತ್ತಿದ್ದ, ಪೈರು ಎಷ್ಟು ಎತ್ತರ ಇತ್ತು ಅಂತ ಸಸ್ಯ ವಿಜ್ಞಾನಿಗಳು ಇದನ್ನೇ ನೋಡಿ ಹೇಳುತ್ತಾರೆ. ಇಂಥ ಮಸಿ ಹಿಡಿದ ಹುಲ್ಲು ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಉಳಿದಿರುವುದು ಡೆವನ್‌ನಲ್ಲೇ.

ಹಾಗಾಗಿ ಅಟ್ಟಕ್ಕೆ ಹತ್ತಿ ಟಾರ್ಚ್ ಬಿಟ್ಟು ನೋಡಿದರೆ ಮನೆಯ ವಯಸ್ಸು ಅರ್ಧ ಗೊತ್ತಾಗುತ್ತದೆ. ತೊಲೆ ಮಸಿಯಾಗಿದ್ದರೆ ಆ ಮನೆ ಚಿಮಣಿ ಬರುವ ಮುಂಚಿನದು. ಬಾಗಿಲ ಮೇಲೆ ಕೆತ್ತಿದ ವರ್ಷವನ್ನು ಮಾತ್ರ ನಂಬಬೇಡಿ. ಥ್ರೋಲಿ ಹತ್ತಿರದ ಶಿಲ್‌ಸ್ಟೋನ್ ಮನೆಯ ಕಲ್ಲಿನ ಬಾಗಿಲುವಾಡದ ಮೇಲೆ 1656 ಅಂತಿದೆ. ಅದು ಯಾರೋ ಕೈಯಲ್ಲಿ ಕಾಸು ಓಡಾಡುತ್ತಿದ್ದ ಕಾಲದಲ್ಲಿ ಮನೆಯನ್ನು ಅಂದಗೊಳಿಸಿದ ವರ್ಷ, ಕಟ್ಟಿದ ವರ್ಷ ಅಂತ ಓದಬಾರದು.

ಚಿಕ್ಕಬಳ್ಳಾಪುರದ_ಕಲ್ಲು

ನಮ್ಮ ತಾತ, ಅಪ್ಪ ಎಲ್ಲರೂ ಬಂಡೆ ಕೆಲಸದವರು. ಹಾಗಾಗಿ ನನ್ನ ಕಣ್ಣು ಕಲ್ಲಿನ ಮೇಲೇ ಹೋಗುತ್ತದೆ. ಅಲ್ಲಿನದು ಗ್ರಾನೈಟ್ ಅಲ್ವಾ? ಆ ಕಾಲದಲ್ಲಿ ಹೇಗೆ ಸೀಳುತ್ತಿದ್ದರು? ನಾವು ಉಳಿಯಲ್ಲಿ ಸಾಲಾಗಿ ಗುಳಿ ಹೊಡೆದು, ಬೆಣೆ ಇಟ್ಟು, ಒಂದೊಂದಕ್ಕೂ ಸಮ ಏಟು ಕೊಡುತ್ತಾ ಹೋಗ್ತೀವಿ. ಕೊನೆಗೆ ಕಲ್ಲೇ ಸದ್ದು ಬದಲಾಯಿಸಿ ಹೇಳುತ್ತದೆ, ಇನ್ನು ಬಿಟ್ಟುಕೊಳ್ತೀನಿ ಅಂತ. ಅಂಥ ಗುರುತು ಅಲ್ಲಿನ ಗೋಡೆಯಲ್ಲಿ ಇದೆಯಾ? ಇದ್ದರೆ ಹತ್ತಿರದ ಫೋಟೋ ಹಾಕಿ.

ಡೆವನ್_ಕನ್ನಡಿಗ

ಅಣ್ಣ, ನಿಮ್ಮಂಥವರೇ ಬೇಕಿತ್ತು ಈ ಎಳೆಗೆ. ಹೌದು, ಗ್ರಾನೈಟ್, ಸುಮಾರು 28 ಕೋಟಿ ವರ್ಷ ಹಳೇದು. ಆದರೆ ಹಳೇ ಮನೆಗಳಿಗೆ ಗಣಿ ತೋಡಲೇ ಇಲ್ಲ. ಬಯಲಿನಲ್ಲಿ ಅಲ್ಲಲ್ಲಿ ಬಿದ್ದಿದ್ದ ಬಂಡೆಗಳನ್ನೇ ಆರಿಸಿಕೊಂಡು ಕಟ್ಟಿದರು. ಅದಕ್ಕೆ ಮೂರ್‌ಸ್ಟೋನ್ ಅಂತಾರೆ. ಹೊಲ ಹಸನು ಮಾಡುವಾಗ ಎದ್ದ ಕಲ್ಲೇ ಬೇಲಿಗೂ ಗೋಡೆಗೂ ಆಯಿತು. ಆದ್ದರಿಂದ ಗೋಡೆಯ ಬುಡದಲ್ಲಿ ಇಬ್ಬರು ಮೂವರು ಸೇರಿದರೂ ಎತ್ತಲಾಗದಂಥ ಗುಂಡುಗಳು ಕೂತಿರುತ್ತವೆ, ಮೇಲೆ ಹೋದ ಹಾಗೆ ಕಲ್ಲು ಚಿಕ್ಕದಾಗುತ್ತದೆ.

ಸೀಳಿದ ಗುರುತಿನ ಬಗ್ಗೆ ಕೇಳಿದಿರಿ. ಸುಮಾರು 1800ರ ಆಚೀಚೆ ಇಲ್ಲಿ ಪದ್ಧತಿ ಬದಲಾಯಿತು. ಅದಕ್ಕೆ ಮುಂಚೆ ಕಲ್ಲಿನ ಮೇಲೆ ಉದ್ದನೆಯ ಗುಳಿ ಕೊರೆದು ಅದರೊಳಗೆ ಬೆಣೆ ಬಡಿಯುತ್ತಿದ್ದರು. ಆಮೇಲೆ ದುಂಡನೆ ತೂತು ಕೊರೆದು, ಒಂದೊಂದರಲ್ಲೂ ಎರಡು ಕಬ್ಬಿಣದ ಪಟ್ಟಿ ನಿಲ್ಲಿಸಿ, ಅವುಗಳ ನಡುವೆ ಬೆಣೆ ಇಳಿಸುವ ಕ್ರಮ ಬಂತು. ಹಾಗಾಗಿ ಕಲ್ಲಿನ ಅಂಚಿನಲ್ಲಿ ಅರ್ಧ ಕೊಳವೆಯಂಥ ಗುರುತು ಸಾಲಾಗಿ ಕಂಡರೆ ಅದು 1800ರ ನಂತರದ ಕೆಲಸ ಅಂತ ಧೈರ್ಯವಾಗಿ ಹೇಳಬಹುದು. ಒಂದೇ ಅಂಗಳದಲ್ಲಿ ಬೇರೆ ಬೇರೆ ಕಾಲದ ಕೆಲಸ ಸಿಗುತ್ತದೆ! ಗೇಟಿನ ಕಂಬದಲ್ಲಿ ದುಂಡು ಗುರುತು, ಅದರ ಪಕ್ಕದ ಕೊಟ್ಟಿಗೆ ಗೋಡೆಯಲ್ಲಿ ಏನೂ ಗುರುತಿಲ್ಲದ ಗುಂಡುಕಲ್ಲು. ಫೋಟೋ ಈ ವಾರ ಹಾಕುತ್ತೇನೆ.

ಚಿಕ್ಕಬಳ್ಳಾಪುರದ_ಕಲ್ಲು

ಗೋಡೆ ಎಷ್ಟು ದಪ್ಪ? ಮಧ್ಯೆ ಏನು ತುಂಬಿದ್ದಾರೆ? ಗ್ರಾನೈಟಿಗೆ ಮಣ್ಣು ಕಚ್ಚಲ್ಲ, ನಿಂತಿರೋದು ಬರೀ ಭಾರದ ಮೇಲೆ, ಕೂರಿಸಿದ ಕೈಚಳಕದ ಮೇಲೆ.

ಎಕ್ಸೆಟರ್_ಅಕ್ಕ

ಮೂರು ಅಡಿ ಹತ್ತಿರ ಇರುತ್ತದೆ, ಕೆಲವು ಕಡೆ ಇನ್ನೂ ಜಾಸ್ತಿ. ಹೊರಗೊಂದು ಮುಖ, ಒಳಗೊಂದು ಮುಖ, ನಡುವೆ ಚೂರುಗಲ್ಲು ಮತ್ತು ಮಣ್ಣು. ಅಲ್ಲಲ್ಲಿ ಎರಡೂ ಮುಖ ಹಿಡಿಯುವಂತೆ ಉದ್ದನೆಯ ಅಡ್ಡಗಲ್ಲು. ಆ ಮಣ್ಣು ಕೂಡ ಗ್ರಾನೈಟೇ, ನೆಲದಡಿ ಕೊಳೆತು ಜಲ್ಲಿಮಣ್ಣಾಗಿರುವುದು. ಗ್ರೋವನ್ ಅಂತ ಕರೀತಾರೆ.

ಭಾರ ಹೊರುವ ವಿಷಯದಲ್ಲಿ ಮಾಡಿನ ಕಟ್ಟು ಬಹಳ ಜಾಣತನದ್ದು. ಡೆವನ್‌ನಲ್ಲಿ ಉದ್ದನೆಯ ಬಾಗಿದ ಓಕ್ ಮರ ಸಿಗುವುದು ಕಷ್ಟವಿತ್ತೋ ಏನೋ, ಎರಡು ತುಂಡು ಸೇರಿಸಿ ಬಾಗು ಮಾಡಿದ್ದಾರೆ. ನೆಟ್ಟಗಿನ ಒಂದು ಕಾಲು ಗೋಡೆಯೊಳಗೆ ಹುದುಗಿರುತ್ತದೆ, ಅದರ ತಲೆಗೆ ಓರೆಯಾದ ತೊಲೆಯನ್ನು ಕಚ್ಚು ಹಾಕಿ ಮರದ ಮೊಳೆ ಹೊಡೆದು ಕೂಡಿಸಿರುತ್ತಾರೆ. ಇಂಥ ಜೋಡಿಗಳು ಎದುರುಬದುರು ನಿಂತು ತುದಿಯಲ್ಲಿ ಸೇರುತ್ತವೆ. ಮಾಡಿನ ಭಾರ ಗೋಡೆಯ ತಲೆಯನ್ನು ಹೊರಕ್ಕೆ ತಳ್ಳುವುದು ಕಡಿಮೆಯಾಗುತ್ತದೆ. ಗುಂಡುಕಲ್ಲಿನ ಗೋಡೆಗೆ ನೆಟ್ಟಗೆ ಬರುವ ಭಾರ ಎಷ್ಟಾದರೂ ಸರಿ, ಪಕ್ಕಕ್ಕೆ ತಳ್ಳಿದರೆ ಉಬ್ಬಿ ಬಿದ್ದೇಹೋಗುತ್ತದೆ. ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಬೆಂಗಳೂರು_ಆರ್ಕಿಟೆಕ್ಟ್

ಮನೆಯ ಒಳಗೆ ಚಿಮಣಿ, ಮಹಡಿ ಎಲ್ಲಾ ಬಂದದ್ದು ಯಾವಾಗ? ನಾನು ನೋಡಿದ ಫೋಟೋಗಳಲ್ಲಿ ದೊಡ್ಡ ಅಗ್ಗಿಷ್ಟಿಕೆ, ಸುರುಳಿ ಮೆಟ್ಟಿಲು ಕಾಣುತ್ತದಲ್ಲ.

ಡೆವನ್_ಕನ್ನಡಿಗ

16 ಮತ್ತು 17ನೇ ಶತಮಾನದಲ್ಲಿ. ಉಣ್ಣೆ, ತವರದ ಗಣಿ ಎರಡರಿಂದಲೂ ಆಗ ಈ ಭಾಗದಲ್ಲಿ ದುಡ್ಡು ಬಂತು. ಒಂದೇ ಸಲ ಎಲ್ಲವನ್ನೂ ಬದಲಾಯಿಸಿದ್ದಲ್ಲ, ಒಂದೊಂದೇ. ಮೊದಲು ದೊಡ್ಡ ಕೋಣೆಯ ಮೇಲಿನ ತುದಿಯಲ್ಲಿ ಮರದ ಹಲಗೆಯ ಗೋಡೆ ಹಾಕಿ ಒಂದು ಒಳಕೋಣೆ ಮಾಡಿಕೊಂಡರು, ಅದರ ಮೇಲೆ ಮಲಗುವ ಅಟ್ಟ. ಆ ಅಟ್ಟವನ್ನು ದೊಡ್ಡ ಕೋಣೆಯ ಕಡೆಗೆ ಒಂದೆರಡು ಅಡಿ ಚಾಚಿ ಕಟ್ಟುತ್ತಿದ್ದರು, ಕೆಳಗೆ ಒಲೆ ಇನ್ನೂ ನೆಲದ ಮಧ್ಯೆಯೇ ಉರಿಯುತ್ತಿತ್ತು. ಆಮೇಲೆ ಓಣಿಗೆ ಬೆನ್ನು ಮಾಡಿ ಭಾರೀ ಕಲ್ಲಿನ ಚಿಮಣಿ ಎಬ್ಬಿಸಿದರು. ಓಣಿಯಲ್ಲಿ ನಿಂತರೆ ಆ ಚಿಮಣಿಯ ಬೆನ್ನು ನೀಟಾಗಿ ಕಡೆದ ದೊಡ್ಡ ಗ್ರಾನೈಟ್ ಕಲ್ಲುಗಳಲ್ಲಿ ಕಟ್ಟಿರುವುದು ಕಾಣುತ್ತದೆ. ಬಂದವರ ಕಣ್ಣಿಗೆ ಮೊದಲು ಬೀಳುವುದು ಅದೇ, ಹಾಗಾಗಿ ಅಲ್ಲಿ ಖರ್ಚು ಮಾಡಿದ್ದಾರೆ. ಒಲೆಯ ಬಾಯಿಗೆ ಒಂದೇ ಅಖಂಡ ಕಲ್ಲಿನ ತೊಲೆ. ಒಳಗೆ ಪಕ್ಕದಲ್ಲಿ ಬ್ರೆಡ್ ಸುಡುವ ಗೂಡು. ಚಿಮಣಿ ಬಂದ ಮೇಲೆ ಹೊಗೆಯ ಕಾಟ ಹೋಯಿತು, ದೊಡ್ಡ ಕೋಣೆಗೂ ಮಹಡಿ ಹಾಕಿದರು, ಗೋಡೆಯಿಂದ ಆಚೆ ಉಬ್ಬಿದ ಗೂಡಿನಲ್ಲಿ ಸುರುಳಿ ಮೆಟ್ಟಿಲು ಬಂತು.

ಇಷ್ಟೆಲ್ಲ ಮೇಲಿನ ತುದಿಯಲ್ಲಿ ನಡೆಯುತ್ತಿದ್ದಾಗಲೂ ಕೆಳಗಿನ ತುದಿಯಲ್ಲಿ ದನಗಳು ಅಲ್ಲೇ ಇದ್ದವು. 17ನೇ ಶತಮಾನದಲ್ಲಿ ಎಷ್ಟೋ ಕಡೆ ದನಕ್ಕೆ ಬೇರೆ ಬಾಗಿಲು ಹೊಡೆದರು, ಅಷ್ಟೇ. ಲೆಟ್ಟಾಫೋರ್ಡ್ ಅನ್ನುವ ಪುಟ್ಟ ಹಳ್ಳಿಯಲ್ಲಿ ಸ್ಯಾಂಡರ್ಸ್ ಅಂತ ಒಂದು ಲಾಂಗ್‌ಹೌಸ್ ಇದೆ, ಸುಮಾರು 1500ರದ್ದು. ಲ್ಯಾಂಡ್‌ಮಾರ್ಕ್ ಟ್ರಸ್ಟ್ ಅದನ್ನು ದುರಸ್ತಿ ಮಾಡಿ ರಜೆಗೆ ಬಾಡಿಗೆಗೆ ಕೊಡುತ್ತದೆ. ಅಲ್ಲಿ ಈ ಬದಲಾವಣೆಗಳೆಲ್ಲ ಒಂದರ ಮೇಲೊಂದು ಓದಬಹುದು.

ಇನ್ನೊಂದು ಸಣ್ಣ ಕಟ್ಟಡವನ್ನು ಮರೆಯಬಾರದು. ಕೆಲವು ಮನೆಗಳ ಅಂಗಳದಲ್ಲಿ ದುಂಡನೆಯ ಗ್ರಾನೈಟ್ ಗೂಡು ಇರುತ್ತದೆ, ಕೋಳಿಗೂಡೋ ಏನೋ ಅಂದುಕೊಳ್ಳಬೇಕು. ಅದು ಬೂದಿಮನೆ. ಒಲೆಯ ಬಿಸಿ ಬೂದಿಯನ್ನು ಹುಲ್ಲಿನ ಮಾಡಿನಿಂದ ದೂರ ಅದರಲ್ಲಿ ಸುರಿದು, ತಣ್ಣಗಾದ ಮೇಲೆ ಹೊಲಕ್ಕೆ ಗೊಬ್ಬರ ಹಾಕುತ್ತಿದ್ದರು.

ಬಾಡಿಗೆಮನೆ_ಡೆವನ್

ನಮಸ್ಕಾರ ಎಲ್ಲರಿಗೂ. ನಾವು ಇಂಥದ್ದೇ ಒಂದು ಹಳೇ ಗ್ರಾನೈಟ್ ಮನೆಯಲ್ಲಿ ಬಾಡಿಗೆಗೆ ಇದ್ದೇವೆ. ಗ್ರೇಡ್ 2 ಪಟ್ಟಿಯಲ್ಲಿದೆ ಅಂತ ಮಾಲೀಕರು ಹೇಳಿದ್ದರು. ನೋಡೋಕೆ ಅರಮನೆ. ಆದರೆ ನೈಋತ್ಯದ ಗೋಡೆ ಚಳಿಗಾಲ ಪೂರ್ತಿ ಒದ್ದೆ. ಪ್ಲಾಸ್ಟರ್ ಉದುರುತ್ತದೆ, ಬೀರುವಿನ ಹಿಂದೆ ಬೂಸ್ಟು, ಮಗುವಿಗೆ ಕೆಮ್ಮು. ಮಾಲೀಕರ ಕಡೆಯ ಕಂಟ್ರಾಕ್ಟರ್ ಬಂದು ಹೊರಗಿನ ಸಂದುಗಳಿಗೆಲ್ಲ ಗಟ್ಟಿ ಸಿಮೆಂಟ್ ಮೆತ್ತಿ, ಒಳಗೆ ಪ್ಲಾಸ್ಟಿಕ್ ಪೇಂಟ್ ಹೊಡೆದು ಹೋದ. ಆಮೇಲೆ ಇನ್ನೂ ಜಾಸ್ತಿ ಆಯ್ತು. ಮೂರು ಅಡಿ ಗೋಡೆ ದಾಟಿ ನೀರು ಹೇಗೆ ಬರುತ್ತದೆ? ಆ ಕಾಲದವರು ಇದರಲ್ಲಿ ಹೇಗೆ ಬದುಕಿದರು?

ಸುಣ್ಣದ_ಗಾರೆ

ಮೇಡಂ, ನಾನು ಹಳೇ ಕಟ್ಟಡಗಳ ದುರಸ್ತಿ ಕೆಲಸದಲ್ಲಿದ್ದೇನೆ. ನಿಮ್ಮ ಮನೆಗೆ ಆಗಿರುವುದು ಇಲ್ಲಿ ದಿನಾ ನೋಡುವ ಕಥೆ. ನನಗೆ ಸಿಟ್ಟು ಬರುವುದೂ ಇದಕ್ಕೇ.

ಗ್ರಾನೈಟ್ ಕಲ್ಲು ನೀರು ಕುಡಿಯುವುದಿಲ್ಲ. ಅಡ್ಡ ಮಳೆ ಬಡಿದಾಗ ನೀರೆಲ್ಲ ಕಲ್ಲಿನ ಮೇಲೆ ಜಾರಿ ಸಂದಿಗೆ ಬರುತ್ತದೆ. ಹಳೇ ಗೋಡೆಯ ಸಂದಿನಲ್ಲಿದ್ದದ್ದು ಸುಣ್ಣ ಅಥವಾ ಮಣ್ಣು. ಅದು ನೀರನ್ನು ಹೀರಿಕೊಂಡು, ಗಾಳಿ ಬಿಸಿಲು ಬಂದಾಗ ಮತ್ತೆ ಆಚೆ ಬಿಡುತ್ತದೆ. ಗೋಡೆ ಒದ್ದೆಯಾಗುತ್ತದೆ, ಒಣಗುತ್ತದೆ. ಸಿಮೆಂಟ್ ಹಾಕಿದರೆ ಅದು ಗಟ್ಟಿ, ಮಿಸುಕಾಡದು. ಗೋಡೆ ಚಳಿಗೆ ಬಿಸಿಲಿಗೆ ಕೂದಲೆಳೆಯಷ್ಟು ಅಲುಗಿದರೂ ಕಲ್ಲಿಗೂ ಸಿಮೆಂಟಿಗೂ ನಡುವೆ ಬಿರುಕು ಬಿಡುತ್ತದೆ. ಆ ಬಿರುಕು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆಚೆ ಹೋಗಲು ಮಾತ್ರ ದಾರಿ ಇಲ್ಲ. ನಡುವಿನ ಮಣ್ಣು ನೆನೆದು ಕೂರುತ್ತದೆ, ನೀರು ಒಳಗಡೆ ಪ್ಲಾಸ್ಟರಿನಲ್ಲಿ ಕಾಣಿಸಿಕೊಳ್ಳುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಬೇರೆ. ಪೋರ್ಟ್‌ಲೆಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಈ ಗೋಡೆಗಳು ಅದಿಲ್ಲದೆ ನಾಲ್ಕೈದು ಶತಮಾನ ನಿಂತಿದ್ದವು.

ಮಾಡಬೇಕಾದದ್ದು: ಮೊದಲು ಹೊರಗಿನ ನೆಲದ ಮಟ್ಟ ನೋಡಿ. ಎಷ್ಟೋ ಕಡೆ ಗುಡ್ಡದ ಕಡೆಯ ಮಣ್ಣು ಜಾರಿ ಜಾರಿ ಒಳನೆಲಕ್ಕಿಂತ ಮೇಲೆ ಬಂದಿರುತ್ತದೆ. ಅದನ್ನು ತೆಗೆದು ಕಾಲುವೆ ಮಾಡಿದರೆ ಅರ್ಧ ತೇವ ಹೋಗುತ್ತದೆ. ಮಾಡಿನ ನೀರು ಗೋಡೆ ಬುಡಕ್ಕೆ ಬೀಳುತ್ತಿದೆಯಾ ನೋಡಿ. ಆಮೇಲೆ ಸಿಮೆಂಟನ್ನು ಕೈ ಉಳಿಯಲ್ಲಿ, ಮೆಷಿನ್ ಹಚ್ಚದೆ, ನಿಧಾನವಾಗಿ ತೆಗೆಸಬೇಕು. ಸಂದಿನ ಅಗಲದ ಎರಡರಷ್ಟಾದರೂ ಆಳ ಕೆದಕಿ, ನೀರು ಚಿಮುಕಿಸಿ, ಸುಣ್ಣದ ಗಾರೆಯನ್ನು ಹಿಂದಿನವರೆಗೂ ಒತ್ತಿ ತುಂಬಬೇಕು. ದೊಡ್ಡ ಸಂದಿಗೆ ಚಕ್ಕೆಗಲ್ಲು ಸೇರಿಸಬೇಕು. ಗಾರೆ ಕಲ್ಲಿನ ಮುಖದ ಮೇಲೆ ಮೆತ್ತಬಾರದು. ಒದ್ದೆ ಗೋಣಿ ಹೊದಿಸಿ ನಿಧಾನವಾಗಿ ಒಣಗಲು ಬಿಡಬೇಕು. 5 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಈ ಕೆಲಸ ಮಾಡಿದರೆ ವ್ಯರ್ಥ.

ಮುಖ್ಯ ಮಾತು: ಪಟ್ಟಿಯಲ್ಲಿರುವ ಕಟ್ಟಡದ ಸ್ವರೂಪ ಬದಲಾಗುವ ಕೆಲಸಕ್ಕೆ ಮೊದಲೇ ಅನುಮತಿ ಬೇಕು. ಇಲ್ಲದೆ ಮಾಡಿದರೆ ಅದು ಅಪರಾಧ. ಸ್ಥಳೀಯ ಪ್ಲಾನಿಂಗ್ ಕಚೇರಿಯಲ್ಲಿ ಹಳೇ ಕಟ್ಟಡಗಳನ್ನು ನೋಡಿಕೊಳ್ಳುವ ಕನ್ಸರ್ವೇಶನ್ ಆಫೀಸರ್‌ಗೆ ಫೋಟೋ ಸಮೇತ ಬರೆಯಿರಿ. ಜಗಳಕ್ಕೆ ಅಂತ ಬೇಡ, ಸಲಹೆ ಕೇಳಿ. ಮಗುವಿನ ಕೆಮ್ಮಿನ ವಿಷಯವನ್ನು ಕೌನ್ಸಿಲಿನ ವಸತಿ ವಿಭಾಗಕ್ಕೆ ಬೇರೆಯಾಗಿಯೇ ತಿಳಿಸಿ.

ಎಕ್ಸೆಟರ್_ಅಕ್ಕ

@ಬಾಡಿಗೆಮನೆ_ಡೆವನ್, ತಂಗೀ, ಇನ್ನೊಂದು. ರೇಡಾನ್ ಪರೀಕ್ಷೆ ಆಗಿದೆಯಾ ಕೇಳು. ಗ್ರಾನೈಟ್ ನೆಲದಿಂದ ಬರುವ ವಿಕಿರಣದ ಅನಿಲ ಅದು, ಬಣ್ಣ ವಾಸನೆ ಇಲ್ಲ, ಇಲ್ಲಿ ಡೆವನ್ ಕಾರ್ನ್‌ವಾಲ್ ಎರಡರಲ್ಲೂ ಜಾಸ್ತಿ. ಪುಟ್ಟ ಡಬ್ಬಿಗಳನ್ನು ಮಲಗುವ ಕೋಣೆ, ಕೂರುವ ಕೋಣೆಯಲ್ಲಿ ಮೂರು ತಿಂಗಳು ಇಟ್ಟು ವಾಪಸ್ ಕಳಿಸಿದರೆ ಲೆಕ್ಕ ಹೇಳುತ್ತಾರೆ. ಒಂದು ಘನ ಮೀಟರಿಗೆ 200 ಬೆಕರೆಲ್ (ವಿಕಿರಣ ಅಳೆಯುವ ಮಾನ) ದಾಟಿದರೆ ಏನಾದರೂ ಮಾಡಲೇಬೇಕು. ಹಿಂದೆ ಹುಲ್ಲಿನ ಮಾಡು, ಸಂದುಗೊಂದು ಬಾಗಿಲುಗಳಿಂದ ಗಾಳಿ ಆಡುತ್ತಿತ್ತು. ಈಗ ಡಬಲ್ ಗ್ಲಾಸ್ ಹಾಕಿ ಬಿಗಿಯಾಗಿ ಮುಚ್ಚುತ್ತೇವೆ.

ಬೆಂಗಳೂರು_ಆರ್ಕಿಟೆಕ್ಟ್

ಕೊಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಡೆವನ್_ಕನ್ನಡಿಗ ಅವರೇ, ಕೊಟ್ಟಿಗೆ ಹೋದರೆ ಉಳಿಯುವುದು ಬರೀ ಬಂಗಲೆ ಅನ್ನುವ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪಲ್ಲ. ಮನೆ ಬದಲಾಗುತ್ತಲೇ ಬಂದಿದೆ ಅಂತ ನೀವೇ ಬರೆದಿದ್ದೀರಿ. ಚಿಮಣಿ ಬಂತು, ಮಹಡಿ ಬಂತು, ಬಾಗಿಲು ಬೇರೆಯಾಯಿತು. 1650ರಲ್ಲಿ ಮಾಡಿದ್ದು ಇತಿಹಾಸ, ಇವತ್ತು ಕೊಟ್ಟಿಗೆಯನ್ನು ಅಡುಗೆಮನೆ ಮಾಡಿಕೊಂಡರೆ ಅಪಚಾರ, ಇದು ನ್ಯಾಯವಾ? ದನ ಇಲ್ಲದ ಮನೆಯಲ್ಲಿ ಖಾಲಿ ಕೊಟ್ಟಿಗೆಯ ಮಾಡು ಯಾರು ದುರಸ್ತಿ ಮಾಡಿಸುತ್ತಾರೆ? ಸೋರಿ ಬೀಳುತ್ತದೆ. ಬಳಸಿದರೆ ಉಳಿಯುತ್ತದೆ.

ಡೆವನ್_ಕನ್ನಡಿಗ

ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಹುಲ್ಲಿನ ಮಾಡು ಇಪ್ಪತ್ತೈದು ಮೂವತ್ತು ವರ್ಷಕ್ಕೊಮ್ಮೆ ಹೊದಿಸಬೇಕು. ಖರ್ಚು ಸಣ್ಣದಲ್ಲ. ಡಾರ್ಟ್‌ಮೂರಿನಲ್ಲೇ ಎಷ್ಟೋ ಕೊಟ್ಟಿಗೆಗಳಿಗೆ ಹುಲ್ಲು ತೆಗೆದು ತಗಡು, ಸ್ಲೇಟ್ ಹೊದಿಸಿದ್ದಾರೆ. ಅದರಿಂದಲೇ ಕೆಲವು ಬದುಕಿವೆ ಅನ್ನುವುದೂ ನಿಜ.

ಆದರೂ ನಾನು ಬಿಟ್ಟುಕೊಡಲ್ಲ, ಕಾರಣ ಹೇಳ್ತೀನಿ. ಚಿಮಣಿ ಬಂದಾಗ ಹಳೇ ಒಲೆಯ ಮಸಿ ತೊಲೆಯ ಮೇಲೆ ಉಳಿಯಿತು. ಮಹಡಿ ಹಾಕಿದಾಗ ಹಳೇ ಮಾಡಿನ ಕಟ್ಟು ಮೇಲೆ ಹಾಗೇ ಇತ್ತು. ಅವರು ಇದ್ದದ್ದರ ಮೇಲೆ ಸೇರಿಸುತ್ತಾ ಹೋದರು. ಇವತ್ತು ಕೊಟ್ಟಿಗೆಯನ್ನು ಕೋಣೆ ಮಾಡುವಾಗ ಮೊದಲು ಮಾಡುವುದೇನು? ಇಳಿಜಾರು ನೆಲವನ್ನು ಅಗೆದು ಸಮ ಮಾಡುತ್ತಾರೆ. ಚರಂಡಿಯ ಕಲ್ಲು ಕೀಳುತ್ತಾರೆ. ಗೂಟದ ಗುಳಿಯ ಕಲ್ಲು ತೋಟದಲ್ಲಿ ಹೂಕುಂಡದ ಕೆಳಗೆ ಹೋಗುತ್ತದೆ. ತುದಿಗೋಡೆಯ ತೂತು ಮುಚ್ಚುತ್ತಾರೆ, ಸಂದುಕಿಂಡಿ ಒಡೆದು ದೊಡ್ಡ ಗಾಜು ಹಾಕುತ್ತಾರೆ. ಆಮೇಲೆ ಆ ತುದಿಯಲ್ಲಿ ದನ ಇತ್ತು ಅನ್ನುವುದಕ್ಕೆ ಗುರುತೇ ಇಲ್ಲ. ಕೆಳಗೆ ಕಾಂಕ್ರೀಟ್ ಸುರಿದ ಮೇಲೆ ಯಾರೂ ಅಗೆದು ನೋಡಲಾರರು.

ಹಾಗಾದರೆ ದಾರಿ? ನೆಲ ಮುಟ್ಟದೆ ಬಳಸಿ. ಸೌದೆ ಇಡಿ, ಸೈಕಲ್ ಇಡಿ, ವರ್ಕ್‌ಶಾಪ್ ಮಾಡಿ, ಕುರಿಮರಿ ಕಟ್ಟಿ. ಕೋಣೆ ಬೇಕೇ ಬೇಕು ಅಂದರೆ ಹಳೇ ಕಲ್ಲುಹಾಸಿನ ಮೇಲೆ ಮುಟ್ಟದಂತೆ ಮರದ ನೆಲ ಎತ್ತರಿಸಿ ಹಾಕಿ, ನಾಳೆ ತೆಗೆದರೆ ಕೆಳಗೆ ಎಲ್ಲಾ ಇರಬೇಕು. ಹಳೇ ಕಟ್ಟಡಗಳ ರಕ್ಷಣೆಗೆ ವಿಲಿಯಂ ಮಾರಿಸ್ 1877ರಲ್ಲಿ ಕಟ್ಟಿದ ಸಂಘ ಇವತ್ತಿಗೂ ಇದೆ. ಅಂದಿನಿಂದಲೂ ಅವರ ಹಟ ಇದೇ: ಹಳೇದನ್ನು ಕೆರೆದು ಹೊಸದಾಗಿಸಬೇಡಿ, ದಿನದಿನದ ದುರಸ್ತಿ ಬಿಡಬೇಡಿ.

ಸುಣ್ಣದ_ಗಾರೆ

ನೆಲದ ಮಾತಿಗೆ ನನ್ನ ವೋಟು. ಇನ್ನೊಂದು ಕಾರಣ ಕೂಡ ಇದೆ. ಕೊಟ್ಟಿಗೆಗೆ ಕಾಂಕ್ರೀಟ್ ಮತ್ತು ಪ್ಲಾಸ್ಟಿಕ್ ಹಾಳೆ ಹಾಸಿದರೆ ನೆಲದ ತೇವ ಪಕ್ಕಕ್ಕೆ ಸರಿದು ಗೋಡೆಯ ಬುಡಕ್ಕೆ ಏರುತ್ತದೆ. ಎಲ್ಲೂ ಇಲ್ಲದ ತೇವ ಓಣಿಯ ಗೋಡೆಯಲ್ಲಿ ಕಾಣಿಸುತ್ತದೆ.

ಬೆಂಗಳೂರು_ಆರ್ಕಿಟೆಕ್ಟ್

ಎತ್ತರಿಸಿದ ಮರದ ನೆಲ ಒಪ್ಪುತ್ತೇನೆ. ಆದರೆ ಕಿಟಕಿಯಿಲ್ಲದ ಕೋಣೆಯಲ್ಲಿ ಬದುಕು ಅಂತ ಯಾವ ಕುಟುಂಬಕ್ಕೂ ನಾನು ಹೇಳಲಾರೆ. ಮಾಡಿನ ಕಡೆಯಿಂದ ಬೆಳಕು ತರುವ ದಾರಿ ಹುಡುಕಬೇಕು. ಅಲ್ಲಿಗೆ ನಮ್ಮ ಜಗಳ ಒಂದು ಕಿಟಕಿಗೆ ಇಳಿಯಿತು.

ಸಿಂಧಗಿ_ಹುಡುಗಿ

ಯಾರಾದರೂ ಹೇಳಿ, ಇವುಗಳನ್ನು ಒಳಗೆ ಹೋಗಿ ನೋಡಬಹುದಾ? ಬೇಸಿಗೆಯಲ್ಲಿ ಅಣ್ಣನ ಮನೆಗೆ ಬ್ರಿಸ್ಟಲ್‌ಗೆ ಬರುತ್ತಿದ್ದೇನೆ.

ಡೆವನ್_ಕನ್ನಡಿಗ

ಬಹುತೇಕ ಮನೆಗಳಲ್ಲಿ ಜನ ವಾಸ ಇದ್ದಾರೆ, ಸುಮ್ನೆ ಅಂಗಳಕ್ಕೆ ನುಗ್ಗಬೇಡಿ. ರಾತ್ರಿ ಉಳಿದು ನೋಡಬೇಕಾದರೆ ಸ್ಯಾಂಡರ್ಸ್ ಬುಕ್ ಮಾಡಿ. ಕಾಸಿಲ್ಲದೆ ನೋಡಬೇಕಾದರೆ ಹೌಂಡ್ ಟಾರ್‌ಗೆ ಹೋಗಿ. ಆ ದೊಡ್ಡ ಬಂಡೆಗುಡ್ಡ ದಾಟಿ ಆ ಕಡೆ ಇಳಿದರೆ ಮಧ್ಯಯುಗದಲ್ಲಿ ಜನ ಬಿಟ್ಟುಹೋದ ಒಂದು ಹಳ್ಳಿಯ ತಳಪಾಯಗಳಿವೆ, 1960ರ ದಶಕದಲ್ಲಿ ಅಗೆಯಲು ಶುರು ಮಾಡಿ ತೆಗೆದದ್ದು. ಸೂರಿಲ್ಲ, ಗೋಡೆ ಮೊಣಕಾಲಿನಿಂದ ಸೊಂಟದವರೆಗೆ. ಅದೇ ಒಳ್ಳೇದು, ಇಡೀ ನಕ್ಷೆ ಮೇಲಿಂದ ಒಂದೇ ನೋಟಕ್ಕೆ ಸಿಗುತ್ತದೆ. ಬಾಗಿಲು ಎದುರುಬದುರು ಎಲ್ಲಿ, ಒಲೆ ಎಲ್ಲಿ, ಚರಂಡಿ ಯಾವ ಕಡೆಗೆ ಇಳಿಯುತ್ತದೆ, ಎಲ್ಲಾ ಹುಡುಕಿ. ಒದ್ದೆ ತೆನೆ ಒಣಗಿಸಲು ಕಟ್ಟಿದ್ದ ಗೂಡುಗಳ ಗುರುತೂ ಇದೆ, ಹವಾಮಾನ ಕೆಟ್ಟು ಬೆಳೆ ಕೈಗೆ ಹತ್ತದೆ ಹೋದದ್ದಕ್ಕೆ ಅದೇ ಸಾಕ್ಷಿ ಅಂತ ಹೇಳುವವರಿದ್ದಾರೆ. 1348ರ ಪ್ಲೇಗ್ ಮಾರಿಯೂ ಅದೇ ಸುಮಾರಿಗೆ ಬಂತು.

ಬೂಟು ಹಾಕಿಕೊಂಡು ಬನ್ನಿ, ದಾರಿ ಜೌಗು.

ಬಾಡಿಗೆಮನೆ_ಡೆವನ್

@ಸುಣ್ಣದ_ಗಾರೆ, ತುಂಬಾ ಥ್ಯಾಂಕ್ಸ್. ಹೊರಗೆ ನೋಡಿದೆವು, ನೀವು ಹೇಳಿದ ಹಾಗೇ ಗುಡ್ಡದ ಕಡೆ ಮಣ್ಣು ಒಳನೆಲಕ್ಕಿಂತ ಒಂದಡಿ ಮೇಲಿದೆ. ಮಾಲೀಕರಿಗೆ ಫೋಟೋ ಕಳಿಸಿದೆ, ಕನ್ಸರ್ವೇಶನ್ ಆಫೀಸರ್‌ಗೂ ಬರೆದೆ. ಮಣ್ಣು ಅಗೆಯುವಾಗ ಗೋಡೆಯ ಬುಡದ ಗುಂಡುಕಲ್ಲು ಅಲುಗದ ಹಾಗೆ ಎಷ್ಟು ದೂರ ಬಿಡಬೇಕು?

ಸುಣ್ಣದ_ಗಾರೆ

ಈ ಗೋಡೆಗಳಿಗೆ ಪಾಯ ಅಂತ ಏನೂ ಆಳ ಇರಲ್ಲ ಮೇಡಂ. ಹಾಗಾಗಿ ಬುಡದ ಕಲ್ಲಿನ ಅಡಿಭಾಗಕ್ಕಿಂತ ಕೆಳಗೆ ಎಲ್ಲೂ ಅಗೆಯಬೇಡಿ. ಕಾಲುವೆಯನ್ನು ಗೋಡೆಗೆ ತಾಗಿಸದೆ ಆಚೆ ಸರಿಸಿ, ಒಂದೇ ಸಲ ಉದ್ದಕ್ಕೂ ತೋಡದೆ ತುಂಡು ತುಂಡಾಗಿ ತೋಡಿಸಿ. ಎಷ್ಟು ದೂರ ಅನ್ನುವುದನ್ನು ಸ್ಥಳ ನೋಡಿದವರೇ ಹೇಳಬೇಕು. ಆಫೀಸರ್ ಬಂದು ನೋಡುವವರೆಗೆ ಗುದ್ದಲಿ ಹಾಕಬೇಡಿ.